ಗರಗಸ ತಿಂದ ಮೂರು ಮಿಲಿಮೀಟರ್

ಗರಗಸದಣ್ಣನಿಗೆ ಸಿಟ್ಟು ಬರುತ್ತಿದ್ದುದು ಒಂದೇ ವಿಷಯಕ್ಕೆ. ಊಟ ತಣ್ಣಗಾದರೆ ಬರುತ್ತಿರಲಿಲ್ಲ, ಸಂಬಳ ತಡವಾದರೆ ಬರುತ್ತಿರಲಿಲ್ಲ, ಹುಡುಗರು ಅವನ ಚಪ್ಪಲಿ ಬಚ್ಚಿಟ್ಟು ವರ್ಕ್‌ಶಾಪ್ ತುಂಬಾ ಬರಿಗಾಲಲ್ಲಿ ಹುಡುಕಿಸಿದರೂ ಬರುತ್ತಿರಲಿಲ್ಲ. ಅಳೆಯದೆ ಕೊಯ್ಯುವವರನ್ನು ಕಂಡರೆ ಮಾತ್ರ ಅವನ ಕಿವಿ ಕೆಂಪಾಗುತ್ತಿತ್ತು. ನಾನು ಹಾಗಲ್ಲ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದಕ್ಕೆ ವಿಷಯವೂ ಬೇಕಾಗಿಲ್ಲ. ಇದನ್ನು ಬರೆಯಲು ಕೂತಿರುವುದೂ ಕೋಪದಲ್ಲೇ. ಯಾರ ಮೇಲೆ ಎಂದು ಕೇಳಿದರೆ, ಮೊನ್ನೆಯವರೆಗೆ ಥಟ್ಟನೆ ಹೇಳಿಬಿಡುತ್ತಿದ್ದೆ.

ನಾನು ಕಾಲೇಜಿನ ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುವವಳು. ಜಾಲರಿ ಕಿಟಕಿಯ ಹಿಂದೆ ಕೂತು ಡ್ರಿಲ್ ಬಿಟ್ಟು, ಬೋಲ್ಟು, ಉಜ್ಜುವ ಕಾಗದ ಕೊಡುವುದು, ಸಹಿ ಹಾಕಿಸಿಕೊಳ್ಳುವುದು, ವಾಪಸ್ ತರದವರಿಗೆ ಬೈಯುವುದು. ಈ ಮೂರರಲ್ಲಿ ಮೂರನೆಯದು ನನಗೆ ಚೆನ್ನಾಗಿ ಬರುತ್ತದೆ ಎಂದು ಎಲ್ಲರೂ ಒಪ್ಪುತ್ತಾರೆ. ಕಿಟಕಿಯ ಎದುರಿಗೇ ಗರಗಸದ ಯಂತ್ರ. ಅದು ಹಳೆಯ, ಭಾರದ ಯಂತ್ರ. ಉದ್ದನೆಯ ಬ್ಲೇಡನ್ನು ಹಿಂದಕ್ಕೂ ಮುಂದಕ್ಕೂ ಎಳೆದುಕೊಂಡು ಲೋಹವನ್ನು ನಿಧಾನವಾಗಿ ಕೊಯ್ಯುತ್ತದೆ, ಮೇಲಿಂದ ಹಾಲಿನ ಬಣ್ಣದ ತಂಪು ನೀರು ಸುರಿಯುತ್ತಿರುತ್ತದೆ. ಆ ಯಂತ್ರದ ಪಕ್ಕದಲ್ಲಿ ಅಣ್ಣ ಇಪ್ಪತ್ತೇಳು ವರ್ಷ ನಿಂತ.

ಸ್ವಂತ ಅಣ್ಣ ಅಲ್ಲ. ನಾನು ಕೆಲಸಕ್ಕೆ ಸೇರಿದ ವಾರವೇ ನನ್ನ ಸ್ಟೋರಿನ ಕಪಾಟಿನ ಬಾಗಿಲು ಕಳಚಿ ನನ್ನ ಕಾಲ ಮೇಲೆ ಬೀಳುವುದರಲ್ಲಿತ್ತು. ಅವನು ಬಂದು ಹಿಡಿದುಕೊಂಡು, "ತಂಗಿ, ಆ ಕಡೆ ಸರಿ" ಎಂದ. ಅಂದಿನಿಂದ ಅವನು ಅಣ್ಣ, ನಾನು ತಂಗಿ. ಕಸ ಗುಡಿಸುವ ಕೆಲಸಕ್ಕೆಂದು ಬಂದವನು ಅವನು. ಹಿಂದೆ ಇದ್ದ ಮುದುಕರೊಬ್ಬರ ಬೆನ್ನ ಹಿಂದೆ ನಿಂತು ನೋಡಿ ನೋಡಿಯೇ ಗರಗಸ ಕಲಿತ. ಓದು ಏಳನೆಯ ತರಗತಿಗೇ ನಿಂತಿತ್ತು. ಆದರೆ ಎಂಜಿನಿಯರ್ ಆಗಲು ಬಂದ ಮಕ್ಕಳಿಗೆ ಅಳತೆ ಎಂದರೇನು ಎಂದು ಕಲಿಸುತ್ತಿದ್ದವನು ಅವನೇ.

ಮುಖ್ಯವಾಗಿ ರೋಬೋ ತಂಡದ ಮಕ್ಕಳಿಗೆ. ಪ್ರತಿ ವರ್ಷ ಇಪ್ಪತ್ತು ಜನ ವಿದ್ಯಾರ್ಥಿಗಳು ಸೇರಿ ಒಂದು ರೋಬೋ ಕಟ್ಟಿ, ಬೇರೆ ಕಾಲೇಜುಗಳ ರೋಬೋಗಳ ಜೊತೆ ಸ್ಪರ್ಧೆಗೆ ಒಯ್ಯುತ್ತಾರೆ. ತೆಳು ತಗಡನ್ನು ಅವರೇ ಕತ್ತರಿಸಿಕೊಳ್ಳುತ್ತಿದ್ದರು. ದಪ್ಪ ಲೋಹ ಬಂದರೆ ಮಾತ್ರ ಬಾಲ ಮುದುರಿಕೊಂಡು ಅಣ್ಣನ ಹತ್ತಿರ. ಬರುವಾಗಲೇ ಪೆನ್ನಿನಿಂದ ಉದ್ದಕ್ಕೂ ಗೆರೆ ಎಳೆದು ತಂದಿರುತ್ತಿದ್ದರು. ಅಣ್ಣ ಚಿಂದಿ ತೆಗೆದುಕೊಂಡು ಮೊದಲ ಗೆರೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಒರೆಸಿಬಿಡುತ್ತಿದ್ದ.

"ಅಯ್ಯೋ, ಅರ್ಧ ಗಂಟೆ ಕೂತು ಎಳೆದಿದ್ದು ಅಣ್ಣಾ!" ಎಂದು ಅವರು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದರು.

"ಗರಗಸಾನೂ ಊಟ ಮಾಡುತ್ತೆ ಕಣ್ರೋ. ಒಂದು ಸಲಕ್ಕೆ ಮೂರು ಮಿಲಿಮೀಟರ್. ಅದರ ಪಾಲು ತೆಗೆದಿಡದೆ ಗೆರೆ ಎಳೆದ್ರೆ ನಿಮ್ಮ ತಟ್ಟೆಯಿಂದಲೇ ತಿನ್ನುತ್ತೆ. ಒಂದು ಕೊಯ್ಯೋಣ, ಕೊಯ್ದ ಮುಖದಿಂದ ಮತ್ತೆ ಅಳೆಯೋಣ, ಆಮೇಲೆ ಇನ್ನೊಂದು."

ಯಾರ ಗೆರೆಯನ್ನೂ ಅವನು ನಂಬುತ್ತಿರಲಿಲ್ಲ. ಒಮ್ಮೆ ಮೇಷ್ಟ್ರು, ಎಂದರೆ ರೋಬೋ ತಂಡದ ಜವಾಬ್ದಾರಿ ಹೊತ್ತ ಅಧ್ಯಾಪಕರು, ತಾವೇ ಗೆರೆ ಎಳೆದು ತಂದರು. ಅದನ್ನೂ ಒರೆಸಿದ. ಅವರು ನಕ್ಕು ಮತ್ತೆ ಅಳೆದರು. ಆ ಗೆರೆ ನಿಜವಾಗಿಯೂ ತಪ್ಪಿತ್ತು.

ಅವನ ಹೆಂಡತಿ ನಾಲ್ಕೇ ದಿನದ ಜ್ವರದಲ್ಲಿ ಹೋದಳು. ಮಗಳಿಗೆ ಆಗ ಆರು ವರ್ಷ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಆ ಮಗುವನ್ನು ಎಲ್ಲಿ ಬಿಡುವುದು? ನನ್ನ ಸ್ಟೋರಿನಲ್ಲಿ. ನನ್ನ ಮೇಜಿನ ಒಂದು ಮೂಲೆ ಅವಳದಾಯಿತು. ನಾನು ಅವಳಿಗೆ ಅತ್ತೆಯಾದೆ. ಮನೆಪಾಠ ಮುಗಿದರೆ ಸ್ಟೋರಿನ ಕ್ಯಾಲಿಪರ್ ತೆಗೆದುಕೊಂಡು ಕಂಡದ್ದನ್ನೆಲ್ಲ ಅಳೆಯುವುದೇ ಅವಳ ಆಟ. ತನ್ನ ರಬ್ಬರು ದಿನಕ್ಕೆ ಎಷ್ಟು ಸವೆಯುತ್ತದೆ ಎಂದು ನೋಟ್‌ಬುಕ್ಕಿನ ಹಿಂದೆ ಬರೆದಿಡುತ್ತಿದ್ದಳು. ಒಂದು ದಿನ ನನ್ನ ಮೂಗನ್ನೂ ಅಳೆದು, "ಅತ್ತೆ, ನಿಮ್ಮದು ಅಪ್ಪನದಕ್ಕಿಂತ ಐದು ಮಿಲಿಮೀಟರ್ ಜಾಸ್ತಿ" ಎಂದಳು. ಅದು ಕೋಪಕ್ಕೆ ಜಾಗ ಬೇಕಲ್ಲ ಅದಕ್ಕೆ ಎಂದು ಅಣ್ಣ ಹೇಳಿದ. ಸಂಜೆ ಐದಕ್ಕೆ ಯಂತ್ರ ಒರೆಸಿ, ಕೈ ತೊಳೆದು, ಅಪ್ಪ ಮಗಳು ಒಂದೇ ಸೈಕಲ್ಲಿನಲ್ಲಿ ಹೊರಡುತ್ತಿದ್ದರು. ಗೇಟು ದಾಟುವವರೆಗೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ.

ಆ ಹುಡುಗಿ ಬೆಳೆದು ಅದೇ ಕಾಲೇಜಿಗೆ ಓದಲು ಬಂದಳು, ರೋಬೋ ತಂಡಕ್ಕೂ ಸೇರಿದಳು. ವರ್ಕ್‌ಶಾಪಿನೊಳಗೆ ಅಪ್ಪ ಎಂದು ಕರೆಯಕೂಡದು ಎಂದು ಅಣ್ಣನ ಕಟ್ಟಪ್ಪಣೆ. ಉಳಿದ ಮಕ್ಕಳಿಗೆ ಭೇದ ಮಾಡಿದಂತೆ ಆಗಬಾರದಂತೆ. ಹಾಗಾಗಿ ಅವಳು ನಗು ಹತ್ತಿಕ್ಕಿಕೊಂಡು "ಸರ್" ಎನ್ನುತ್ತಿದ್ದಳು. ಅವನೂ ಗಂಭೀರವಾಗಿ "ಹೇಳಿ ಮೇಡಂ" ಎನ್ನುತ್ತಿದ್ದ. ಮೂರನೆಯ ವರ್ಷಕ್ಕೆ ಅವಳೇ ತಂಡದ ನಾಯಕಿಯಾದಳು. ಆ ದಿನ ಅಣ್ಣ ನನ್ನ ಕಿಟಕಿಗೆ ಬಂದು, ಏನೂ ಬೇಕಿಲ್ಲದಿದ್ದರೂ ಎರಡು ಬೋಲ್ಟು ಕೇಳಿ ತೆಗೆದುಕೊಂಡು ಹೋದ. ಸುಮ್ಮನೆ ಯಾರ ಹತ್ತಿರವಾದರೂ ನಿಲ್ಲಬೇಕಾಗಿತ್ತು ಅವನಿಗೆ.

ನಾಯಕಿಯಾದ ಮೇಲೆ ಒಂದು ದಿನ ಮನೆಯಲ್ಲಿ ಅವಳು ಮುಖ ಊದಿಸಿಕೊಂಡಳಂತೆ. "ಎಲ್ಲರ ಮುಂದೆ ನನ್ನ ಗೆರೆ ಒರೆಸ್ತೀಯಲ್ಲಪ್ಪಾ. ನಾನೇನು ಇನ್ನೂ ಆರು ವರ್ಷದ ಮಗೂನಾ? ಹುಡುಗರು ಹಿಂದಿನಿಂದ ನಗ್ತಾರೆ." ಇದನ್ನು ಅಣ್ಣ ನನಗೆ ಹೇಳುವಾಗ ಅವನ ಮುಖ ಸಪ್ಪಗಾಗಿತ್ತು. ನಾನು, "ಒರೆಸಿದ್ರೆ ಏನು, ಚರ್ಮ ಸುಲಿದು ಹೋಗುತ್ತಾ?" ಎಂದೆ. "ನಿನಗೆ ಗೊತ್ತಾಗಲ್ಲ ತಂಗಿ, ವಯಸ್ಸಿನ ಮಕ್ಕಳು" ಎಂದ.

ಆ ವರ್ಷದ ರೋಬೋಗೆ ನಾಲ್ಕು ಕಂಬ ಬೇಕಿತ್ತು, ಮುಷ್ಟಿಗಿಂತ ದಪ್ಪನೆಯ ಅಲ್ಯೂಮಿನಿಯಂ ಕಂಬ. ನಾಲ್ಕು ತಿಂಗಳು ಪತ್ರ ಬರೆದ ಮೇಲೆ ಯಾವುದೋ ಕಾರ್ಖಾನೆಯವರು ಒಂದೇ ಒಂದು ದಿಮ್ಮಿ ಕೊಟ್ಟರು. ಸ್ಪರ್ಧೆಗೆ ಹನ್ನೆರಡು ದಿನ ಉಳಿದಿತ್ತು. ಪ್ರತಿ ಕಂಬವೂ ಕೊನೆಗೆ ನೂರೈವತ್ತು ಮಿಲಿಮೀಟರ್ ಇರಬೇಕು. ತುದಿ ನಯ ಮಾಡಲು ಎರಡು ಸೇರಿಸಿ ನೂರೈವತ್ತೆರಡಕ್ಕೆ ಕೊಯ್ಯಬೇಕು. ಮೇಲಿನ ಭಾಗಗಳೆಲ್ಲ ಆ ಅಳತೆಗೆ ಆಗಲೇ ತಯಾರಾಗಿ ಕೂತಿದ್ದವು. ಕಂಬ ಒಂದು ಕೂದಲೆಳೆ ಉದ್ದವಾದರೆ ಉಜ್ಜಬಹುದು, ಗಿಡ್ಡವಾದರೆ ಯಾರಪ್ಪನಿಂದಲೂ ಬೆಳೆಸಲಾಗುವುದಿಲ್ಲ.

ಮಧ್ಯಾಹ್ನ ಮೂರರ ಹೊತ್ತು. ತಂಡದವರೆಲ್ಲ ಯಂತ್ರದ ಸುತ್ತ ನಿಂತಿದ್ದರು, ಮೇಷ್ಟ್ರೂ ಇದ್ದರು. ದಿಮ್ಮಿಯ ಮೇಲೆ ತೆಳ್ಳನೆಯ ಪೆನ್ನಿನಲ್ಲಿ ನಾಲ್ಕು ಗೆರೆ, ಪಕ್ಕದಲ್ಲಿ ಮುದ್ದಾದ ಅಂಕಿಗಳು. ಮಗಳ ಕೈಬರಹ. ಅಣ್ಣ ಅಭ್ಯಾಸಬಲದಿಂದ ಒಂದು ಕೈಯಲ್ಲಿ ಚಿಂದಿ, ಇನ್ನೊಂದರಲ್ಲಿ ಸ್ಕೇಲು ಹಿಡಿದುಕೊಂಡು ಬಂದ. ದಿಮ್ಮಿಯ ಮೇಲೆ ಬಗ್ಗಿದ. ಮಗಳ ಕಡೆ ನೋಡಿದ. ಅವಳು ಗಲ್ಲ ಎತ್ತಿ ನಿಂತಿದ್ದಳು.

ಅಣ್ಣ ಚಿಂದಿಯನ್ನು ಭುಜದ ಮೇಲೆ ಹಾಕಿಕೊಂಡ. ಸ್ಕೇಲನ್ನು ಜೇಬಿಗೆ ಹಾಕಿದ. "ಮೇಡಂ ಗೆರೆ ಎಳೆದಿದ್ದಾರೆ ಅಂದ್ಮೇಲೆ ಮತ್ತೇನು" ಎಂದು ನಕ್ಕು ಯಂತ್ರ ಶುರು ಮಾಡಿದ. ಇದನ್ನು ನಾನು ಜಾಲರಿಯ ಹಿಂದಿನಿಂದ ನನ್ನ ಕಣ್ಣಾರೆ ನೋಡಿದೆ. ನೋಡಿಯೂ ಸುಮ್ಮನಿದ್ದೆ, ನನಗೇನು ಗೊತ್ತಿತ್ತು.

ಒಂದೊಂದು ಕೊಯ್ತಕ್ಕೂ ಹತ್ತು ನಿಮಿಷ. ಅಣ್ಣ ದಿಮ್ಮಿಯ ತುದಿಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ, ಮಲಗಿಸಿದ ಮಗುವಿನ ಬೆನ್ನ ಮೇಲೆ ಇಡುವ ಹಾಗೆ. ಗೆರೆಯನ್ನು ಉಳಿಸಿ, ಅದರ ಆಚೆಗೆ ಬ್ಲೇಡು ಬಿಟ್ಟು, ಒಂದಾದ ಮೇಲೊಂದು ನಾಲ್ಕೂ ಕೊಯ್ದ. ಕೊನೆಯದು ಬಿದ್ದಾಗ ಹುಡುಗರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಕ್ಯಾಲಿಪರ್ ಹಚ್ಚಿದರು. ಮೊದಲನೆಯದು ನೂರೈವತ್ತೆರಡು. ಎರಡನೆಯದು ನೂರ ನಲವತ್ತೊಂಬತ್ತು. ಅವರು ಕ್ಯಾಲಿಪರ್ ತೆಗೆದು ಒರೆಸಿ ಮತ್ತೆ ಹಚ್ಚಿದರು. ನೂರ ನಲವತ್ತೊಂಬತ್ತು. ಮೂರನೆಯದೂ ಅಷ್ಟೇ. ನಾಲ್ಕನೆಯದೂ ಅಷ್ಟೇ.

ಗರಗಸದ ಪಾಲನ್ನು ಅವಳು ತೆಗೆದಿಟ್ಟಿರಲಿಲ್ಲ. ಸೊನ್ನೆಯಿಂದ ಒಂದೇ ಸಮನೆ ಗುಣಿಸಿಕೊಂಡು ಹೋಗಿ ಗೆರೆ ಎಳೆದಿದ್ದಳು, ಅಪ್ಪ ನೂರು ಸಲ ಯಾರು ಯಾರಿಗೋ ಬೈದಿದ್ದ ಅದೇ ತಪ್ಪು. ಕೊನೆಯಲ್ಲಿ ಒಂಬತ್ತು ಮಿಲಿಮೀಟರಿನ ಬಿಲ್ಲೆಯೊಂದು ಯಾವ ಉಪಯೋಗಕ್ಕೂ ಬಾರದೆ ಬಿದ್ದಿತ್ತು. ಬೇಕಾಗಿದ್ದ ಅಷ್ಟೂ ಅದರಲ್ಲೇ ಇತ್ತು.

"ಗೆರೆ ಯಾರು ಎಳೆದಿದ್ದು?" ಎಂದು ಮೇಷ್ಟ್ರು ಕೇಳಿದರು. ಜೋರಾಗಿ ಕೇಳಲಿಲ್ಲ. ಆದರೆ ಇಪ್ಪತ್ತು ಜನರ ಕಣ್ಣು ಒಂದೇ ಕಡೆ ತಿರುಗಿತು.

ನಾನು ಹುಡುಗಿಯನ್ನೇ ನೋಡುತ್ತಿದ್ದೆ. ಅವಳು ಬೆರಳು ಮಡಚುತ್ತಿದ್ದಳು, ಒಂದು, ಎರಡು, ಮೂರು. ಅವಳಿಗೆ ಗೊತ್ತಾಯಿತು. ತುಟಿ ತೆರೆದಳು. ಅಷ್ಟರಲ್ಲಿ ಅಣ್ಣ ಭುಜದ ಮೇಲಿನ ಚಿಂದಿ ತೆಗೆದು ಆ ತುಂಡುಗಳನ್ನು ಒರೆಸತೊಡಗಿದ್ದ. ತಂಪು ನೀರಿನ ಜೊತೆ ಗೆರೆಗಳೂ ಅಂಕಿಗಳೂ ಹೋದವು.

"ಗೆರೆ ಸರಿಯಾಗೇ ಇತ್ತು ಸರ್. ನನ್ನ ಕೈಯೇ ತಪ್ಪಿತು. ಗೆರೆಯ ಈಚೆ ಬ್ಲೇಡ್ ಬಿಟ್ಟುಬಿಟ್ಟೆ."

"ಮೂರೂ ಸಲಾನಾ?"

"ಮೂರೂ ಸಲ ಸರ್."

ಮೇಷ್ಟ್ರು ನಂಬಲಾರದೆ ನಿಂತರು. "ಇಷ್ಟು ವರ್ಷದಲ್ಲಿ ಒಂದು ಸಲಾನೂ ಹೀಗೆ ಆಗಿರಲಿಲ್ಲವಲ್ಲ?"

ಆಗ ಆ ಹುಡುಗಿ ಮಾತಾಡಿದಳು. "ಸರ್‌ಗೆ ಇತ್ತೀಚೆಗೆ ಕಣ್ಣು ಸರಿಯಾಗಿ ಕಾಣಲ್ಲ." ಅಪ್ಪನ ಕಡೆ ನೋಡದೆ, ನೆಲ ನೋಡಿಕೊಂಡು ಹೇಳಿದಳು. ಅಣ್ಣ ಚಿಂದಿಯನ್ನು ಮಡಚಿಟ್ಟ. ಆಮೇಲೆ, "ಹೌದು ಸರ್, ಸ್ವಲ್ಪ ಮಂಜು ಮಂಜು" ಎಂದು ಕಣ್ಣು ಉಜ್ಜಿಕೊಂಡು ತೋರಿಸಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಸ್ಟೋರಿನ ಬಾಗಿಲು ದಾಟಿ ಹೊರಗೆ ಬಂದೇಬಿಟ್ಟೆ. ಅಣ್ಣ ನನ್ನ ಕಡೆ ಒಂದು ನೋಟ ನೋಡಿದ. ಕೈ ಮುಗಿಯುವುದಕ್ಕಿಂತ ಹೆಚ್ಚಿನದು ಆ ನೋಟ. ನಾನು ನಾಲಿಗೆ ಕಚ್ಚಿಕೊಂಡು ಒಳಗೆ ಹೋದೆ.

ಸಂಜೆ ಅವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. "ಸುಳ್ಳು ಯಾಕೆ ಹೇಳಿದೆ? ಆ ಹುಡುಗಿ ನಿನ್ನ ತಲೆ ಮೇಲೆ ಕಲ್ಲು ಹಾಕ್ತಾ ಇದ್ರೆ ನೀನು ತಲೆ ಬಗ್ಗಿಸಿ ಕೊಟ್ಟೆಯಲ್ಲ!"

"ಅಳೆಯದೆ ಕೊಯ್ದವನು ನಾನು ತಾನೇ? ಸುಳ್ಳೆಲ್ಲಿ ಬಂತು?" ಎಂದ. "ತಂಡದ ನಾಯಕಿ ಅವಳು. ಹುಡುಗರು ಜನ್ಮ ಪೂರ್ತಿ ಆಡಿಕೊಳ್ಳೋರು. ನನಗೇನು, ನಾನು ಮುದುಕ. ಮಾತು ಕೊಡು ತಂಗಿ, ಯಾರ ಹತ್ರಾನೂ ಹೇಳಲ್ಲ ಅಂತ." ಕೊಟ್ಟೆ. ಜೀವಮಾನದಲ್ಲಿ ನಾನು ಮಾಡಿದ ಪೆದ್ದು ಕೆಲಸಗಳಲ್ಲಿ ಅದೂ ಒಂದು.

ತಂಡಕ್ಕೆ ಎಲ್ಲಿಂದಲೋ ಇನ್ನೊಂದು ದಿಮ್ಮಿ ಸಿಕ್ಕಿತು. ಸ್ಪರ್ಧೆಗೂ ಹೋದರು, ಎರಡನೆಯ ಸುತ್ತಿನಲ್ಲಿ ಸೋತು ಬಂದರು. ಆ ದಿಮ್ಮಿಯನ್ನು ಕೊಯ್ದವನು ಮಾತ್ರ ಅಣ್ಣ ಅಲ್ಲ. ಕಣ್ಣು ಕಾಣದವನನ್ನು ಗರಗಸದ ಮುಂದೆ ನಿಲ್ಲಿಸಿ ನಾಳೆ ಬೆರಳು ಹೋದರೆ ಯಾರು ಹೊಣೆ ಎಂದು ಮೇಲಿನವರು ಕೇಳಿದರು. ಅದು ತಪ್ಪು ಮಾತೂ ಅಲ್ಲ. ಕಣ್ಣಿನ ಪರೀಕ್ಷೆಗೆ ಕಳಿಸಿದರು. ಪೇಪರ್ ಓದಲು ಒಂದು ಕನ್ನಡಕ ಬೇಕು, ಅಷ್ಟೇ ಎಂದು ಡಾಕ್ಟರು ಬರೆದುಕೊಟ್ಟರು. ಆ ಚೀಟಿಯನ್ನು ಅಣ್ಣ ಯಾರಿಗೂ ತೋರಿಸಲಿಲ್ಲ. ಅವನನ್ನು ಸ್ಟೋರಿಗೆ ಹಾಕಿದರು, ನನ್ನ ಪಕ್ಕದ ಸ್ಟೂಲಿಗೆ.

ಏಳು ವರ್ಷ ಅಲ್ಲಿ ಕೂತು ಬೋಲ್ಟು ಎಣಿಸಿದ. ಎದುರಿಗೆ ಹೊಸಬನೊಬ್ಬ ಗರಗಸ ನಡೆಸುವಾಗ ಅಣ್ಣ ತಲೆ ಎತ್ತುತ್ತಿರಲಿಲ್ಲ, ಆದರೆ ಅವನ ಕೈ ನಿಲ್ಲುತ್ತಿತ್ತು. "ಬ್ಲೇಡ್ ಸಡಿಲ ಬಿಟ್ಟಿದ್ದಾನೆ" ಎನ್ನುತ್ತಿದ್ದ. "ಹೋಗಿ ಹೇಳು" ಎಂದರೆ, "ನಾನು ಯಾರು ಹೇಳೋಕೆ" ಎನ್ನುತ್ತಿದ್ದ.

ಗರಗಸ ಹೋಗಿದ್ದನ್ನು ಅವನು ಹೇಗೋ ಹೊಟ್ಟೆಗೆ ಹಾಕಿಕೊಂಡ. ಮಗಳು ಹೋಗಿದ್ದನ್ನು ಆಗಲಿಲ್ಲ. ಮೊದಮೊದಲು ಅವಳು ಎಲ್ಲಿಗೂ ಹೋಗಲಿಲ್ಲ, ಅದೇ ಮನೆಯಲ್ಲೇ ಇದ್ದಳು. ಆದರೆ ಆ ದಿನದಿಂದ ಅಪ್ಪನ ಮುಖ ನೋಡಿ ಮಾತಾಡುವುದನ್ನು ಬಿಟ್ಟಳು. ಸಂಜೆ ಐದಕ್ಕೆ ಅವನು ಗೇಟಿನ ಹತ್ತಿರ ಕಾಯುತ್ತಿದ್ದ. ಅವಳು ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದಳು. ಆಮೇಲೆ ತಂಡದ ಕೆಲಸ ಇದೆ ಎಂದು ಹಾಸ್ಟೆಲ್ ಸೇರಿದಳು. ಓದು ಮುಗಿದ ಮೇಲೆ ಊರಿನ ಆ ತುದಿಯ ಕಾರ್ಖಾನೆಯೊಂದರಲ್ಲಿ ಅಳತೆ ಪರೀಕ್ಷಿಸುವ ಕೆಲಸಕ್ಕೆ ಸೇರಿ, ಅಲ್ಲೇ ಕೋಣೆ ಮಾಡಿಕೊಂಡಳು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ತಿಂಗಳಿಗೊಮ್ಮೆ ಬಂದು, ಬ್ಯಾಗು ಕೂಡ ಕೆಳಗಿಡದೆ ಅರ್ಧ ಗಂಟೆ ಕೂತು ಹೋಗುತ್ತಿದ್ದಳಂತೆ. ಸ್ಟೋರಿನ ಕಡೆಗಂತೂ ಸುಳಿಯಲೇ ಇಲ್ಲ. ಬಂದಿದ್ದರೆ ನಾನು ಸಿಗಿದು ಹಾಕುತ್ತಿದ್ದೆ. ಏಳು ವರ್ಷ ಆ ಕೋಪವನ್ನು ಬೆಚ್ಚಗೆ ಕಾಯ್ದಿಟ್ಟುಕೊಂಡಿದ್ದೆ.

ಮೊನ್ನೆ ಶುಕ್ರವಾರ ಅಣ್ಣನ ನಿವೃತ್ತಿ. ಡ್ರಾಯಿಂಗ್ ಹಾಲಿನಲ್ಲಿ ಸಭೆ, ನೂರು ಕುರ್ಚಿ, ತಿಂಡಿ ಪೊಟ್ಟಣ. ಮೇಷ್ಟ್ರು ಈಗ ವಿಭಾಗದ ಮುಖ್ಯಸ್ಥರು, ತಲೆ ಪೂರ್ತಿ ಬೆಳ್ಳಗಾಗಿದೆ. ಅಣ್ಣನ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದರು. ಕೊನೆಗೆ ನಗುತ್ತಾ, "ಇಪ್ಪತ್ತೇಳು ವರ್ಷದಲ್ಲಿ ಇವರು ತಪ್ಪಿ ಕೊಯ್ದಿದ್ದು ಒಂದೇ ಒಂದು ಸಲ, ಅಂಥವರು ಎಲ್ಲಿ ಸಿಗ್ತಾರೆ?" ಎಂದರು. ಹೊಗಳಿಕೆಗೇ ಹೇಳಿದ್ದು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಕೂತಿದ್ದ ಅಣ್ಣನೂ ನಕ್ಕ.

ಮಗಳು ಬಂದಿದ್ದಳು. ಎರಡನೆಯ ಸಾಲಿನಲ್ಲಿ ಒಬ್ಬಳೇ ಕೂತಿದ್ದಳು, ತಟ್ಟಲಿಲ್ಲ. ನಾಲ್ಕು ಮಾತು ಆಡಬೇಕೆಂದು ಅವಳನ್ನು ಕರೆದರು. ಅವಳು ಎದ್ದು ಹೋಗಿ ಮೈಕಿನ ಮುಂದೆ ನಿಂತಳು.

"ನನಗೆ ಅಳತೆ ಕಲಿಸಿದ್ದು ನಮ್ಮಪ್ಪ" ಎಂದಳು. "ಸರ್ ಈಗ ಒಂದು ತಪ್ಪಿನ ವಿಷಯ ಹೇಳಿದ್ರು. ಅವತ್ತು ನಾನೂ ಅಲ್ಲೇ ಇದ್ದೆ. ಅವತ್ತು..."

ಹೇಳು ಮಗಳೇ, ಹೇಳಿಬಿಡು ಎಂದು ಕುರ್ಚಿಯ ಅಂಚು ಹಿಡಿದುಕೊಂಡೆ. ಅವಳು ತಿರುಗಿ ಅಪ್ಪನನ್ನು ನೋಡಿದಳು. ಏಳು ವರ್ಷಗಳಲ್ಲಿ ಅವಳು ಅವನ ಮುಖವನ್ನು ನೇರವಾಗಿ ನೋಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಅಣ್ಣ, ಬೇರೆ ಯಾರಿಗೂ ಗೊತ್ತಾಗದಷ್ಟು ಸಣ್ಣಗೆ, ಬೇಡ ಎಂದು ತಲೆ ಅಲ್ಲಾಡಿಸಿದ.

ಹುಡುಗಿ ಮತ್ತೆ ಮೈಕಿನ ಕಡೆ ತಿರುಗಿದಳು. "ಎಲ್ಲರಿಗೂ ಥ್ಯಾಂಕ್ಸ್" ಎಂದು ಇಳಿದು ಬಂದಳು. ಸಭೆ ಮುಗಿದಾಗ ಅಪ್ಪನ ಅಂಗಿಯ ಕಾಲರು ಸರಿಮಾಡಿ, ಬಸ್ ನಿಲ್ದಾಣದ ಕಡೆ ಹೋದಳು.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅಣ್ಣ ಸ್ಟೋರಿಗೆ ಬಂದ. ಅಭ್ಯಾಸಕ್ಕೆ ಕಾಲು ಇತ್ತ ತಿರುಗಿತು ಎಂದ. ನಾನು ಅವನನ್ನು ಕೂರಲೂ ಬಿಡಲಿಲ್ಲ.

"ಯಾಕೆ ತಲೆ ಅಲ್ಲಾಡಿಸಿದೆ? ಹೇಳೋದಕ್ಕೇ ಬಂದಿದ್ಲು ಆ ಹುಡುಗಿ!"

"ಅಷ್ಟು ಜನರ ಮುಂದೆ ಬೇಡ ಅನ್ನಿಸ್ತು" ಎಂದ. "ಮನೆಗೆ ಬರ್ತಾಳೆ, ನನ್ನೊಬ್ಬನ ಹತ್ರ ಹೇಳಿ ಹಗುರ ಮಾಡ್ಕೊತಾಳೆ ಅಂದ್ಕೊಂಡೆ."

"ಬಂದ್ಲಾ?"

"ಇಬ್ಬರಿಗೂ ಅಂತ ಟೀಗೆ ನೀರಿಟ್ಟಿದ್ದೆ. ನೀರು ಆರಿಹೋಯ್ತು, ಮತ್ತೆ ಇಟ್ಟೆ. ಎಂಟು ಗಂಟೆಗೆ ಫೋನ್ ಮಾಡಿದ್ಲು. ಊಟ ಆಯ್ತಾಪ್ಪಾ ಅಂತ ಕೇಳಿದ್ಲು. ಆಯ್ತು ಅಂದೆ."

"ಆಗಿತ್ತಾ?"

"ಇಲ್ಲ."

ಅಣ್ಣ ಸ್ಟೂಲಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹೆಂಡತಿ ಹೋದಾಗಲೂ ನನ್ನ ಮುಂದೆ ಅತ್ತವನಲ್ಲ. ಅವನಿಗಾಗಲಿ ಅವಳಿಗಾಗಲಿ ಬೈಯಲು ನನಗೆ ಒಂದು ಮಾತೂ ಸಿಗಲಿಲ್ಲ.

"ಅವತ್ತೂ ಅವಳು ಬಾಯಿ ತೆರೆದಿದ್ಲು, ನಾನು ನೋಡಿದ್ದೆ" ಎಂದ. "ಎರಡು ಸಲ ಹೇಳೋಕೆ ಬಂದ್ಲು, ತಂಗಿ. ಎರಡು ಸಲಾನೂ ಬಾಯಿ ಮುಚ್ಚಿಸಿದವನು ನಾನೇ."